ಗೆಳತಿ ಯಾಕೆ ಸುಮ್ಮನಿದ್ದಳು?

ಕೇಳುಗರೆಲ್ಲರಿಗೂ ನಮಸ್ಕಾರ.

‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯನ್ನು ನಿಮ್ಮಲ್ಲಿ ಬಹಳ ಜನ ಶಾಲೆಯಲ್ಲೇ ಓದಿರುತ್ತೀರಿ. ಮಳೆಗಾಗಿ ಮುಗಿಲು ನೋಡುವ ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಆ ಹಾಡು ಬೇರೆಯೇ ರೀತಿ ನಾಟುತ್ತದೆ. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರಿಲ್ಲ. ಸೊಸೆಯನ್ನು ಬಲಿ ಕೊಡಬೇಕೆಂದಾಗ ಬೆರಳು ಹೋಗಿ ನಿಲ್ಲುವುದು ಕಿರಿಯವಳಾದ ಭಾಗೀರಥಿಯ ಮೇಲೆ. ಅವಳ ಗಂಡ ದಂಡಿನಲ್ಲಿದ್ದಾನೆ. ಇದನ್ನು ನಾವು ಕುರುಡು ನಂಬಿಕೆ ಅನ್ನುತ್ತೇವೆ. ಕುರುಡೆಲ್ಲಿದೆ ಇಲ್ಲಿ? ಯಾರನ್ನು ಕೊಟ್ಟರೆ ಕೇಳುವವರಿಲ್ಲ ಅನ್ನುವುದು ಆ ಮನೆಗೆ ಚೆನ್ನಾಗಿಯೇ ಕಂಡಿದೆ.

ಭಾಗೀರಥಿ ತವರಿಗೆ ಓಡುತ್ತಾಳೆ. ಹೆತ್ತವರ ಮುಂದೆ ನಿಜ ಹೇಳಲಾರಳು. ಗೆಳತಿಗೆ ಮಾತ್ರ ಹೇಳುತ್ತಾಳೆ. ಆ ಗೆಳತಿ ಅವಳ ಕೈ ಹಿಡಿದು ನಿಲ್ಲಿಸುವುದಿಲ್ಲ, ಕೊಟ್ಟರೆ ಕೊಡಲಿ ಎಂದು ಸಮಾಧಾನ ಹೇಳಿ ಕಳಿಸುತ್ತಾಳೆ. ಇಡೀ ಹಾಡಿನಲ್ಲಿ ನನ್ನ ನಿದ್ದೆ ಕೆಡಿಸಿದ್ದು ಈ ಜಾಗ. ಮುಂದೆ ಪೂಜೆ ಮುಗಿಸಿ ಎಲ್ಲರೂ ಹಿಂದಿರುಗುತ್ತಾರೆ, ಬಂಗಾರದ ಬಟ್ಟಲು ಮರೆತೆವೆಂದು ಅವಳೊಬ್ಬಳನ್ನೇ ವಾಪಸ್ ಕಳಿಸುತ್ತಾರೆ. ಯಾರೂ ತಳ್ಳುವುದಿಲ್ಲ. ಅವಳು ಒಂದೊಂದೇ ಮೆಟ್ಟಿಲು ಏರುತ್ತಾಳೆ, ನೀರೂ ಅವಳ ಜೊತೆಗೇ ಏರುತ್ತದೆ.

ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ ಅವರ ‘ದ ಲಾಟರಿ’ ಕಥೆ 1948ರ ಜೂನ್‌ನಲ್ಲಿ ಅಚ್ಚಾಯಿತು. ಒಂದು ಹಳ್ಳಿ, ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಾರೆ, ಗುರುತು ಹಾಕಿದ ಚೀಟಿ ಬಂದವರನ್ನು ಕಲ್ಲು ಹೊಡೆದು ಕೊಲ್ಲುತ್ತಾರೆ. ಆಚರಣೆಯ ಹಳೇ ಮಾತುಗಳೆಲ್ಲ ಊರಿಗೆ ಮರೆತುಹೋಗಿವೆ, ಕಲ್ಲು ಮಾತ್ರ ನೆನಪಿದೆ. ಬೇರೆ ಊರುಗಳಲ್ಲಿ ಇದನ್ನು ಬಿಡುತ್ತಿದ್ದಾರಂತೆ ಅಂದರೆ ಒಬ್ಬ ಮುದುಕ ಬೈಯುತ್ತಾನೆ. ಈ ಸಲ ಚೀಟಿ ಬರುವುದು ಟೆಸಿ ಎಂಬ ಹೆಂಗಸಿಗೆ. ಸ್ವಲ್ಪ ಹೊತ್ತಿನ ಹಿಂದೆ ಅವಳ ಜೊತೆ ನಗುತ್ತಾ ನಿಂತಿದ್ದ ನೆರೆಯವಳೇ ಎರಡು ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡ ಕಲ್ಲು ಆರಿಸಿಕೊಳ್ಳುತ್ತಾಳೆ.

ಇಲ್ಲೂ ಗೆಳತಿ! ಕಥೆಗಾರರು ಕ್ರೂರಿಯನ್ನಲ್ಲ, ಪ್ರೀತಿಯವರನ್ನೇ ತಂದು ಅಲ್ಲಿ ನಿಲ್ಲಿಸುತ್ತಾರೆ. ಕೆಟ್ಟ ಪದ್ಧತಿ ಉಳಿಯುವುದು ಅವರ ಕೈಯಲ್ಲೇ. ಒಬ್ಬಳು ಬೇಡ ಅಂದರೆ ಮಳೆ ಬರದಿದ್ದಾಗ, ಬೆಳೆ ಹೋದಾಗ ಊರು ಅವಳ ಕಡೆಗೇ ತಿರುಗುತ್ತದೆ. ಆ ಭಯಕ್ಕೆ ದೇವರ ಹೆಸರು ಕೊಟ್ಟುಕೊಂಡರೆ ಮನಸ್ಸಿಗೆ ಹಗುರ.

ನಾನು ಬೆಳೆದದ್ದು ಚಳ್ಳಕೆರೆ ಕಡೆಯ ಒಂದು ಹಟ್ಟಿಯಲ್ಲಿ. ಅಲ್ಲಿ ಬಾಣಂತಿ ಹಟ್ಟಿಯೊಳಗೆ ಇರುವಂತಿರಲಿಲ್ಲ. ಚಿಕ್ಕಮ್ಮ ಹಸುಗೂಸಿನ ಜೊತೆ ಹೊರಗಿನ ಗುಡಿಸಲಲ್ಲಿದ್ದಳು. ಅಜ್ಜಿ ಕಣ್ಣೊರೆಸಿಕೊಳ್ಳುತ್ತಲೇ ಬಿಸಿ ಮುದ್ದೆ ಕಟ್ಟುತ್ತಿದ್ದಳು, “ತಟ್ಟೆ ದೂರ ಇಟ್ಟು ಸರ್ಕಂಡು ಬಾ, ಮುಟ್ಟಬ್ಯಾಡ” ಅನ್ನುತ್ತಿದ್ದಳು. ಒಯ್ಯುತ್ತಿದ್ದವನು ನಾನು, ಏಳು ವರ್ಷದವನು. ಒಂದು ರಾತ್ರಿ ಜೋರು ಮಳೆ. ಬೆಳಿಗ್ಗೆ ಹೋದರೆ ಗುಡಿಸಲಿನ ನೆಲ ಕೆಸರು, ಕೂಸನ್ನು ಸೀರೆಯ ಮಡಿಕೆಯಲ್ಲಿ ಅವುಚಿಕೊಂಡು ಚಿಕ್ಕಮ್ಮ ಕೂತೇ ಇದ್ದಳು.

“ರಾತ್ರಿ ಕೂಸು ಅತ್ತಿದ್ದು ಮನೀಗೆ ಕೇಳಿಸ್ತೇನೋ?” ಅಂದಳು.

ಕೇಳಿಸಿತ್ತು. ಯಾರೂ ಮಲಗಿರಲಿಲ್ಲ.

“ಇಲ್ಲ ಚಿಕ್ಕಮ್ಮ” ಅಂದೆ. ತಟ್ಟೆ ಇಟ್ಟು ಹಿಂದಕ್ಕೆ ಸರಿದೆ.