ಹಳೆಯ ಫೋನು ಯಾಕೆ ಬಿಟ್ಟಿರಿ?

ಕೇಳುಗರಿಗೆ ನಮಸ್ಕಾರ.

ಒಂದು ಬೆಳಿಗ್ಗೆ ನನ್ನ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಒತ್ತಿದೆ. ತೆರೆದುಕೊಳ್ಳಲಿಲ್ಲ. ಅಪ್‌ಡೇಟ್ ನಿಂತ ಈ ಫೋನಿನಲ್ಲಿ ಇನ್ನು ಮುಂದೆ ನಡೆಯುವುದಿಲ್ಲ ಎಂಬರ್ಥದ ಒಂದು ಸಾಲು ತೋರಿಸಿ ಸುಮ್ಮನಾಯಿತು. ಫೋನಿಗೆ ಏನೂ ಆಗಿರಲಿಲ್ಲ. ಗಾಜಿನ ಮೇಲೆ ಒಂದು ಗೀರಿಲ್ಲ, ಕ್ಯಾಮೆರಾ ಚೆನ್ನಾಗಿದೆ, ಮಾತು ಸ್ಪಷ್ಟವಾಗಿ ಕೇಳುತ್ತದೆ. ಕೊಳ್ಳುವಾಗ ನಾಲ್ಕು ದಿನ ಕೂತು ಓದಿ, ಒಂದಕ್ಕೊಂದು ಹೋಲಿಸಿ, ಗೊತ್ತಿದ್ದವರನ್ನೆಲ್ಲ ಕೇಳಿ ಆರಿಸಿದ್ದೆ. ಆ ನಾಲ್ಕು ದಿನದಲ್ಲಿ ಒಮ್ಮೆಯೂ ಕೇಳದೆ ಬಿಟ್ಟ ಪ್ರಶ್ನೆ ಎಂದರೆ, ಇದಕ್ಕೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಎನ್ನುವುದು.

ಆಮೇಲೆ ನನಗೊಂದು ಚಟ ಹತ್ತಿತು. ಯಾರಾದರೂ ಹೊಸ ಫೋನು ತೋರಿಸಿದರೆ, ‘ಚೆನ್ನಾಗಿದೆ, ಹಳೆಯದನ್ನು ಯಾಕೆ ಬಿಟ್ಟಿರಿ?’ ಅಂತ ಕೇಳುವುದು. ಮಧ್ಯಾಹ್ನದ ಹೊತ್ತಿಗೆ ಚಾರ್ಜ್ ಮುಗಿಯುತ್ತಿತ್ತು ಎಂದರು ಕೆಲವರು. ಜಾಗ ತುಂಬಿ ಏನು ಮಾಡಿದರೂ ಹ್ಯಾಂಗ್ ಆಗುತ್ತಿತ್ತು ಎಂದರು ಇನ್ನು ಕೆಲವರು. ಪರದೆ ಒಡೆಯಿತು, ಬದಲಾಯಿಸುವ ಖರ್ಚು ಕೇಳಿ ಕೈಬಿಟ್ಟೆ ಎಂದವರುಂಟು. ಮೆಗಾಪಿಕ್ಸೆಲ್ ಸಾಲದೆ ಬಿಟ್ಟೆ ಎಂದವರು ಇದುವರೆಗೆ ನನಗೆ ಸಿಕ್ಕಿಲ್ಲ. ಆದರೆ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಮೆಗಾಪಿಕ್ಸೆಲ್ಲೇ. ಕೊಳ್ಳುವಾಗ ನಮ್ಮ ಕಣ್ಣು ಹೋಗುವುದು ಒಂದು ಕಡೆ, ಎರಡು ವರ್ಷದ ಮೇಲೆ ಕೈ ಕೊಡುವುದು ಇನ್ನೊಂದು ಕಡೆ. ಈ ಹೊತ್ತು ಆ ಎರಡನೆಯ ಕಡೆಯ ಮಾತು ಸ್ವಲ್ಪ ಹೆಚ್ಚಾಗಿ ಆಡುತ್ತೇನೆ.

ಮೊದಲು ಬ್ಯಾಟರಿ. 5000 ಎಂಎಎಚ್ ಎಂದು ಬರೆದಿರುತ್ತಾರಲ್ಲ, ಅದು ತೊಟ್ಟಿಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬ ಲೆಕ್ಕ. ನಲ್ಲಿ ಎಷ್ಟು ಜೋರಾಗಿ ಬಿಟ್ಟಿದೆ ಎಂಬುದು ಅದರಲ್ಲಿ ಗೊತ್ತಾಗುವುದಿಲ್ಲ. ಪರದೆ ಎಷ್ಟು ಬೆಳಗುತ್ತದೆ, ಪ್ರೊಸೆಸರ್ ಎಷ್ಟು ಕುಡಿಯುತ್ತದೆ, ನೀವಿರುವ ಕಡೆ ಸಿಗ್ನಲ್ ಹೇಗಿದೆ, ಎಲ್ಲ ಸೇರಿ ನಲ್ಲಿ ತಿರುಗಿಸುತ್ತವೆ. ಸಿಗ್ನಲ್ ಕ್ಷೀಣವಾದ ಜಾಗದಲ್ಲಿ ಫೋನು ದೂರದ ಟವರಿಗೆ ಕೇಳಿಸಲಿ ಎಂದು ದನಿ ಎತ್ತರಿಸಿ ಕೂಗಬೇಕಾಗುತ್ತದೆ. ಸುಮ್ಮನೆ ಕಿಸೆಯಲ್ಲಿದ್ದರೂ ಬಿಸಿಯಾಗುವುದು, ಚಾರ್ಜ್ ಇಳಿಯುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಹಾಗಾಗಿ ಒಂದೇ 5000ದ ಎರಡು ಫೋನುಗಳು ಒಂದೇ ಹೊತ್ತು ಬಾಳುವುದಿಲ್ಲ.

ಅದಕ್ಕಿಂತ ದೊಡ್ಡ ಮಾತೆಂದರೆ, ಈ ತೊಟ್ಟಿಯೇ ದಿನದಿಂದ ದಿನಕ್ಕೆ ಕುಗ್ಗುತ್ತ ಹೋಗುತ್ತದೆ. ನಮ್ಮ ಫೋನುಗಳಲ್ಲಿರುವ ಲಿಥಿಯಂ-ಅಯಾನ್ ಬ್ಯಾಟರಿಯನ್ನು 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದಿತು. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಂತು. ಅಷ್ಟು ಜಾಣ ವಸ್ತುವಿಗೂ ಮುಪ್ಪು ತಪ್ಪಿಲ್ಲ. ಅದರ ವಯಸ್ಸನ್ನು ಎಣಿಸುವುದು ಚಾರ್ಜ್ ಸೈಕಲ್‌ನಲ್ಲಿ. ಇವತ್ತು ಅರ್ಧ ಖರ್ಚು ಮಾಡಿದಿರಿ, ನಾಳೆ ಇನ್ನರ್ಧ, ಎರಡೂ ಸೇರಿ ಒಂದು ಸೈಕಲ್. ಐಫೋನ್ 14 ಮತ್ತು ಅದರ ಹಿಂದಿನವುಗಳ ಬ್ಯಾಟರಿ 500 ಸೈಕಲ್ ಕಳೆದ ಮೇಲೆ ಮೊದಲಿನ 80 ಪ್ರತಿಶತ ಉಳಿಸಿಕೊಳ್ಳುವಂತೆ ಮಾಡಿದ್ದೇವೆ ಎಂದು ಆಪಲ್ ಹೇಳುತ್ತದೆ. ಐಫೋನ್ 15ರಿಂದ ಆ ಸಂಖ್ಯೆ 1000 ಆಯಿತು. ದಿನಕ್ಕೊಂದು ಸೈಕಲ್ ಎಂದು ಹಿಡಿದರೆ 500 ಎಂಬುದು ಒಂದೂವರೆ ವರ್ಷಕ್ಕೂ ಸಾಲದು, 1000 ಹತ್ತಿರ ಹತ್ತಿರ ಎರಡೂಮುಕ್ಕಾಲು ವರ್ಷ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಇದಕ್ಕೆ ಕಾನೂನೇ ಬಂದಿದೆ. ಅಲ್ಲಿ ಹೊಸದಾಗಿ ಮಾರುಕಟ್ಟೆಗೆ ಬರುವ ಫೋನಿನ ಬ್ಯಾಟರಿ 800 ಸೈಕಲ್ ಆದ ಮೇಲೂ 80 ಪ್ರತಿಶತ ಹಿಡಿಯಲೇಬೇಕು, ಮತ್ತು ಈ ವಿವರ ಡಬ್ಬದ ಜೊತೆ ಬರುವ ಲೇಬಲ್ಲಿನಲ್ಲಿ ಕಾಣಬೇಕು. ಎಂಎಎಚ್ ಕೇಳುವಾಗಲೇ ಸೈಕಲ್ ಎಷ್ಟು ಎಂದೂ ಕೇಳಿ. ಉತ್ತರ ಬರದಿದ್ದರೆ, ಬ್ಯಾಟರಿ ಬದಲಾಯಿಸಲು ಎಷ್ಟು ಹಣ, ಎಷ್ಟು ದಿನ ಎಂದಾದರೂ ಕೇಳಿ ಬರೆದಿಟ್ಟುಕೊಳ್ಳಿ.

ವೇಗದ ಚಾರ್ಜಿಂಗ್ ವಿಷಯಕ್ಕೆ ಎರಡೇ ಮಾತು. ಡಬ್ಬದ ಮೇಲಿನ ವ್ಯಾಟ್ ಸಂಖ್ಯೆ ಓಟದ ಮೊದಲ ಕೆಲವು ನಿಮಿಷದ್ದು. ಚಾರ್ಜ್ 80 ಪ್ರತಿಶತದ ಆಸುಪಾಸು ಬರುತ್ತಿದ್ದಂತೆ ಬ್ಯಾಟರಿಯ ಒಳಿತಿಗಾಗಿಯೇ ವೇಗ ಇಳಿಸಬೇಕಾಗುತ್ತದೆ. ಆ ಮೊದಲ ವೇಗವೂ ಆ ಕಂಪನಿಯದೇ ಚಾರ್ಜರ್ ಇದ್ದರೆ ಮಾತ್ರ ಎಂಬ ಷರತ್ತು ಎಷ್ಟೋ ಫೋನುಗಳಿಗಿದೆ, ಆ ಚಾರ್ಜರ್ ಡಬ್ಬದಲ್ಲಿ ಇರುತ್ತದೆ ಎಂಬ ಭರವಸೆ ಈಗ ಉಳಿದಿಲ್ಲ.

ಇನ್ನು ನನಗೆ ಪೆಟ್ಟು ಕೊಟ್ಟ ಅಪ್‌ಡೇಟ್. ಇದರಲ್ಲಿ ಎರಡು ಬಗೆ. ಆಂಡ್ರಾಯ್ಡ್‌ನ ಹೊಸ ಆವೃತ್ತಿ ಬರುವುದು ಒಂದು, ತಿಂಗಳಿಗೋ ಮೂರು ತಿಂಗಳಿಗೋ ಸದ್ದಿಲ್ಲದೆ ಬರುವ ಭದ್ರತೆಯ ತೇಪೆ ಇನ್ನೊಂದು. ಎರಡನೆಯದರ ಬೆಲೆ ಲೋಕಕ್ಕೆ ಗೊತ್ತಾದದ್ದು 2015ರಲ್ಲಿ. ಆ ವರ್ಷ ಸ್ಟೇಜ್‌ಫ್ರೈಟ್ ಎಂಬ ದೋಷ ಹೊರಬಿತ್ತು. ಬೇಕೆಂದೇ ಕಟ್ಟಿದ ಒಂದು ವಿಡಿಯೊವನ್ನು ಎಂಎಂಎಸ್‌ನಲ್ಲಿ ಕಳಿಸಿದರೆ ಸಾಕು, ನೀವು ತೆರೆದು ನೋಡುವ ಮೊದಲೇ ಆಂಡ್ರಾಯ್ಡ್ ಫೋನಿನೊಳಕ್ಕೆ ನುಗ್ಗಲು ದಾರಿಯಾಗುತ್ತಿತ್ತು. ಅದಾದ ಮೇಲೆಯೇ ಗೂಗಲ್ ತಿಂಗಳು ತಿಂಗಳು ಭದ್ರತಾ ಪ್ರಕಟಣೆ ಹೊರಡಿಸಲು ಶುರು ಮಾಡಿದ್ದು. ತೇಪೆ ನಿಂತ ಫೋನು ಎಂದರೆ ಅಗುಳಿ ಸಡಿಲವಾದ ಬಾಗಿಲು. ಹೊರಗಿನಿಂದ ನೋಡಿದರೆ ಬಾಗಿಲು ಹಾಕಿಯೇ ಇರುತ್ತದೆ.

2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ 7 ವರ್ಷ ಅಪ್‌ಡೇಟ್ ಕೊಡುತ್ತೇನೆಂದಿತು. ಮರುವರ್ಷ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೆ ಅದೇ ಮಾತು ಕೊಟ್ಟಿತು. ಒಳ್ಳೆಯದೇ. ಆದರೆ ಅದೇ ಕಂಪನಿಯ ಎಲ್ಲ ಫೋನಿಗೂ ಅದೇ ಆಯುಸ್ಸು ಎಂದು ತಿಳಿಯಬೇಡಿ, ಮಾಡೆಲ್ ಹೆಸರು ಹಿಡಿದು ಕೇಳಬೇಕು. ಇದರಲ್ಲಿ ಒಂದು ಒಳಸುಳಿ ಇದೆ, ನಾನು ಬಿದ್ದದ್ದು ಅದರಲ್ಲೇ. ಈ ವರ್ಷಗಳ ಎಣಿಕೆ ಸಾಮಾನ್ಯವಾಗಿ ಆ ಮಾಡೆಲ್ ಬಿಡುಗಡೆಯಾದ ದಿನದಿಂದ ಶುರುವಾಗುತ್ತದೆ, ನೀವು ಕೊಂಡ ದಿನದಿಂದಲ್ಲ. ಬಂದು ಎರಡು ವರ್ಷವಾದ ಮಾಡೆಲ್ಲು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುತ್ತ ಮನೆಗೆ ತಂದೆ. ಅದರ ಆಯುಸ್ಸಿನಲ್ಲಿ ಎರಡು ವರ್ಷ ಅಂಗಡಿಯ ಕಪಾಟಿನಲ್ಲೇ ಕಳೆದುಹೋಗಿತ್ತು.

ಜಾಗದ ವಿಷಯ. 128 ಜಿಬಿ ಎಂದರೆ 128 ಜಿಬಿಯೂ ನಿಮ್ಮದಲ್ಲ. ಆಪರೇಟಿಂಗ್ ಸಿಸ್ಟಮ್ಮು, ಕಂಪನಿಯವರು ತುಂಬಿ ಕಳಿಸಿದ ಬೇಡದ ಆ್ಯಪ್‌ಗಳು ಮೊದಲೇ ಚಾಪೆ ಹಾಸಿ ಕೂತಿರುತ್ತವೆ. ಉಳಿದದ್ದು ತುಂಬುತ್ತ ಬಂದಂತೆ ಫೋನು ನಿಧಾನವಾಗುತ್ತದೆ, ಯಾಕೆಂದರೆ ಫ್ಲ್ಯಾಶ್ ಮೆಮೊರಿಗೆ ಹೊಸದನ್ನು ಬರೆಯಲು ಖಾಲಿ ಜಾಗ ಬೇಕು, ಸಿಗದಿದ್ದರೆ ಹಳೆಯದನ್ನು ಅತ್ತಿತ್ತ ಸರಿಸಿ ಒರೆಸಿ ಆಮೇಲೆ ಬರೆಯಬೇಕು. ಮೆಮೊರಿಯ ಜಾತಿಯನ್ನೂ ನೋಡಿ. ಅಗ್ಗದ ಫೋನುಗಳಲ್ಲಿ ಇಎಂಎಂಸಿ, ಮೇಲಿನವುಗಳಲ್ಲಿ ಯುಎಫ್‌ಎಸ್. ಇಎಂಎಂಸಿ ಒಂದು ಹೊತ್ತಿಗೆ ಓದುತ್ತದೆ, ಇಲ್ಲವೇ ಬರೆಯುತ್ತದೆ. ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡಬಲ್ಲದು. ಮೊದಲ ದಿನ ಈ ವ್ಯತ್ಯಾಸ ತಿಳಿಯುವುದಿಲ್ಲ, ಹಿಂದಿನಿಂದ ಹತ್ತು ಆ್ಯಪ್ ಅಪ್‌ಡೇಟ್ ಆಗುತ್ತಿರುವಾಗ ತುರ್ತು ಕರೆ ಮಾಡಲು ಹೋದರೆ ತಿಳಿಯುತ್ತದೆ. 8 ಜಿಬಿ ರ‍್ಯಾಮ್ ಜೊತೆಗೆ ಇನ್ನೂ 8 ಜಿಬಿ ಎಂದು ಬರೆದಿದ್ದರೆ, ಆ ಎರಡನೆಯ ಎಂಟು ಇದೇ ಸ್ಟೋರೇಜ್‌ನಿಂದ ಕಿತ್ತುಕೊಂಡದ್ದು. ನಿಜವಾದ ರ‍್ಯಾಮ್‌ನ ವೇಗ ಅದಕ್ಕೆ ಬರುವುದಿಲ್ಲ.

ಈಗ ಕ್ಯಾಮೆರಾ. ಇದನ್ನು ಮರೆತರೆ ನೀವು ರೇಡಿಯೊ ಆರಿಸಿಬಿಟ್ಟೀರಿ. 2007ರ ಮೊದಲ ಐಫೋನಿನಲ್ಲಿ ಇದ್ದದ್ದು 2 ಮೆಗಾಪಿಕ್ಸೆಲ್. ಈಗ 200 ಎನ್ನುತ್ತಾರೆ. ಆದರೆ 200ರ ಕ್ಯಾಮೆರಾದಲ್ಲಿ ಮಾಮೂಲಾಗಿ ಒಂದು ಚಿತ್ರ ತೆಗೆದರೆ ಬರುವುದು 12.5 ಮೆಗಾಪಿಕ್ಸೆಲ್‌ನ ಚಿತ್ರ. ಹದಿನಾರು ಪುಟಾಣಿ ಪಿಕ್ಸೆಲ್‌ಗಳನ್ನು ಒಂದುಗೂಡಿಸಿ ಒಂದೇ ದೊಡ್ಡ ಪಿಕ್ಸೆಲ್ ಎಂಬಂತೆ ಓದುತ್ತಾರೆ, ಮಬ್ಬು ಬೆಳಕಿನಲ್ಲಿ ಚಿತ್ರ ಕಾಳುಕಾಳಾಗದಿರಲಿ ಎಂದು. ಇದು ಮೋಸವಲ್ಲ, ಒಳ್ಳೆಯ ಉಪಾಯ. 2012ರಲ್ಲೇ ನೋಕಿಯಾ 808 ಎಂಬ ಫೋನು 41 ಮೆಗಾಪಿಕ್ಸೆಲ್ ಇಟ್ಟುಕೊಂಡು 5 ಮೆಗಾಪಿಕ್ಸೆಲ್‌ನ ಸೊಗಸಾದ ಚಿತ್ರ ಕೊಡುತ್ತಿತ್ತು. ಅದರ ಗುಟ್ಟು ಸೆನ್ಸರ್‌ನ ಗಾತ್ರದಲ್ಲಿತ್ತು. ಮಳೆನೀರು ಹಿಡಿಯಲು ಬಾಯಿ ಅಗಲವಾದ ಪಾತ್ರೆ ಬೇಕಾದಂತೆ ಬೆಳಕು ಹಿಡಿಯಲು ದೊಡ್ಡ ಸೆನ್ಸರ್ ಬೇಕು. ಜೊತೆಗೆ ಒಐಎಸ್ ಇದೆಯೇ ಎಂದು ನೋಡಿ. ಕೈ ನಡುಗಿದ್ದನ್ನು ಗುರುತಿಸಿ ಲೆನ್ಸನ್ನೋ ಸೆನ್ಸರನ್ನೋ ಎದುರು ದಿಕ್ಕಿಗೆ ಅಲುಗಿಸುವ ವ್ಯವಸ್ಥೆ ಅದು. ರಾತ್ರಿಯ ಚಿತ್ರದಲ್ಲಿ ಅದರ ಬೆಲೆ ತಿಳಿಯುತ್ತದೆ. ಹಿಂದೆ ನಾಲ್ಕು ಕಣ್ಣು ಇವೆ ಎಂದು ಮರುಳಾಗಬೇಡಿ. 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ ಅಂತ ತೀರ ಹತ್ತಿರದ ಚಿತ್ರಕ್ಕೆ ಒಂದು, 2 ಮೆಗಾಪಿಕ್ಸೆಲ್‌ನ ಡೆಪ್ತ್ ಅಂತ ದೂರ ಅಳೆಯಲು ಇನ್ನೊಂದು, ಇವೆಲ್ಲ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ನಿಜವಾದ ಪರೀಕ್ಷೆ ಸುಲಭ. ದೀಪದ ಬೆಳಕು ಸಾಲದ ಮೂಲೆಗೆ ಹೋಗಿ, ಸುಮ್ಮನೆ ನಿಲ್ಲದ ಮಗುವಿನದೋ ಕೈ ಬೀಸುತ್ತಿರುವ ಗೆಳೆಯನದೋ ಚಿತ್ರ ತೆಗೆಯಿರಿ. ಅಂಗಡಿಯ ಝಗಮಗದಲ್ಲಿ ಎಲ್ಲ ಕ್ಯಾಮೆರಾವೂ ಒಳ್ಳೆಯದೇ.

ಪರದೆಗೂ ಇದೇ ನ್ಯಾಯ, ಅದನ್ನು ಬಿಸಿಲಿಗೆ ಒಯ್ದು ನೋಡಬೇಕು. ಸಾವಿರಾರು ನಿಟ್ಸ್ ಬೆಳಕು ಎಂದು ಬರೆದದ್ದು ಹೆಚ್ಚಾಗಿ ಪರದೆಯ ಒಂದು ಸಣ್ಣ ತುಣುಕು ಅರೆಕ್ಷಣ ಬೆಳಗಿದ ಲೆಕ್ಕ. ಓಎಲ್‌ಇಡಿ ಎಂಬ, ಪ್ರತಿ ಚುಕ್ಕೆಯೂ ತಾನೇ ಬೆಳಗುವ ಬಗೆಯ ಪರದೆಯಲ್ಲಿ ಕಪ್ಪು ನಿಜಕ್ಕೂ ಕಪ್ಪು, ಆ ಜಾಗದ ಚುಕ್ಕೆಗಳು ಆರಿಯೇ ಇರುತ್ತವೆ. ಆದರೆ ಬೆಳಕು ತಗ್ಗಿಸಿದಾಗ ಅನೇಕ ಓಎಲ್‌ಇಡಿ ಪರದೆಗಳು ಕಣ್ಣಿಗೆ ಕಾಣದಷ್ಟು ಬೇಗ ಮಿಟುಕುತ್ತವೆ. ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ. ನೀವು ಆ ಕೆಲವರಲ್ಲಿ ಒಬ್ಬರಾದರೆ ಉಳಿದ ಯಾವ ಗುಣವೂ ಲೆಕ್ಕಕ್ಕೆ ಬರುವುದಿಲ್ಲ. ತೂಕವನ್ನೂ ಕೈಯಲ್ಲೇ ಹಿಡಿದು ನೋಡಬೇಕು. ಮೊದಲ ಐಫೋನು 135 ಗ್ರಾಂ ಇತ್ತು, ಈಗ 200 ದಾಟುವುದು ಮಾಮೂಲು. ಮಲಗಿ ಓದುವ ಅಭ್ಯಾಸವಿದ್ದವರಿಗೆ ಆ ವ್ಯತ್ಯಾಸ ಮೂಗಿನ ಮೇಲೆ ಬಿದ್ದಾಗ ಗೊತ್ತಾಗುತ್ತದೆ!

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಐಪಿ67 ಎಂದರೆ ಧೂಳು ಒಳಗೆ ಹೋಗದು, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದು. 68 ಎಂದರೆ ಅದಕ್ಕಿಂತ ಹೆಚ್ಚು, ಎಷ್ಟು ಎಂಬುದನ್ನು ಕಂಪನಿಯೇ ಹೇಳಬೇಕು. ಆ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಸಿಹಿನೀರಿನಲ್ಲಿ. ಸಮುದ್ರದ ಉಪ್ಪುನೀರು, ಸೋಪಿನ ನೀರು ಬೇರೆಯೇ. ಒಳಗಿನ ಅಂಟು ವರ್ಷ ಕಳೆದಂತೆ ಸಡಿಲವಾಗುತ್ತದೆ. ಇಷ್ಟೆಲ್ಲ ಹೇಳಿಕೊಂಡ ಮೇಲೂ ನೀರು ಹೊಕ್ಕರೆ ವಾರಂಟಿ ಇಲ್ಲ ಎಂಬ ಸಾಲನ್ನು ಬಹುತೇಕ ಕಂಪನಿಗಳು ಸಣ್ಣ ಅಕ್ಷರದಲ್ಲಿ ಸೇರಿಸಿರುತ್ತವೆ. ಈ ಜಾಣತನವನ್ನು ಮೆಚ್ಚಲೇಬೇಕು.

ಯಾರೂ ನೋಡದ ಗುಣವೊಂದು ಉಳಿಯಿತು. ಮಾತನಾಡುವುದು. ಫೋನಿನಲ್ಲಿ ಅದೂ ಒಂದು ಸೌಲಭ್ಯ, ನೆನಪಿರಲಿ. ನಿಮ್ಮದೇ ಸಿಮ್ ಹಾಕಿ ಒಂದು ಕರೆ ಮಾಡಿ, ಗದ್ದಲದ ನಡುವೆ ನಿಂತು ಮಾತಾಡಿ. ಫೋನು ಕಿವಿಗಿಟ್ಟಾಗ ಪರದೆ ತಾನಾಗಿ ಆರುತ್ತದೆಯೇ ನೋಡಿ. ಅದಕ್ಕೊಂದು ಪ್ರಾಕ್ಸಿಮಿಟಿ ಸೆನ್ಸರ್ ಇರಬೇಕು. ಕೆಲವು ಫೋನುಗಳಲ್ಲಿ ಅದನ್ನು ಕೈಬಿಟ್ಟು ಸಾಫ್ಟ್‌ವೇರಿನ ಊಹೆಯ ಮೇಲೆ ಕೆಲಸ ನಡೆಸುತ್ತಾರೆ. ಆ ಊಹೆ ತಪ್ಪಿದಾಗ ನಿಮ್ಮ ಕೆನ್ನೆಯೇ ಕರೆ ಕತ್ತರಿಸುತ್ತದೆ, ಆ ಕಡೆಯವರು ಸಿಟ್ಟಾಗಿದ್ದೀರಿ ಎಂದುಕೊಳ್ಳುತ್ತಾರೆ. ದಿಕ್ಸೂಚಿಯ ಸೆನ್ಸರ್ ಇಲ್ಲದ ಫೋನಿನ ಕಥೆಯೂ ಹೀಗೇ. ನಕ್ಷೆಯಲ್ಲಿ ನೀವು ಎಲ್ಲಿದ್ದೀರಿ ಎಂದು ತೋರಿಸುತ್ತದೆ, ಯಾವ ಕಡೆ ಮುಖ ಮಾಡಿದ್ದೀರಿ ಎಂಬುದು ಮಾತ್ರ ನಡೆಯತೊಡಗುವವರೆಗೆ ತಿಳಿಯದು.

ಕೊನೆಯದು, ಬಾನುಲಿಯವನಾದ ನನ್ನ ಸ್ವಂತ ಸಂಕಟ. ಫೋನಿನಲ್ಲಿ ಎಫ್‌ಎಂ ಕೇಳಲು ಇಯರ್‌ಫೋನ್ ಚುಚ್ಚಬೇಕಿತ್ತಲ್ಲ, ಯಾಕೆ ಗೊತ್ತೇ? ಅದರ ತಂತಿಯೇ ಆಂಟೆನಾ. 2016ರಲ್ಲಿ ಐಫೋನ್ 7 ಆ ದುಂಡು ತೂತನ್ನು ಮುಚ್ಚಿತು, ಒಬ್ಬೊಬ್ಬರಾಗಿ ಬೇರೆಯವರೂ ಮುಚ್ಚಿದರು. ತೂತಿನ ಜೊತೆಗೆ ಎಷ್ಟೋ ಫೋನುಗಳಿಂದ ಎಫ್‌ಎಂ ಕೂಡ ಹೋಯಿತು. ನೆಟ್‌ವರ್ಕ್ ಬಿದ್ದುಹೋದ ಹೊತ್ತಿನಲ್ಲೂ ಡೇಟಾ ಕೇಳದೆ ನಡೆಯುತ್ತಿದ್ದ ಸೌಲಭ್ಯ ಅದು. ಹಾಗಾಗಿ ಈ ಸಲ ನಾನು ತೂತಿರುವ ಫೋನನ್ನೇ ಹುಡುಕಿ ತಂದೆ. ಅದರ ಕ್ಯಾಮೆರಾ ಸುಮಾರು, ಒಪ್ಪಿಕೊಳ್ಳುತ್ತೇನೆ. ಆದರೆ ಅದರ ಕವರಿನ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಚೀಟಿಯಲ್ಲಿ ಒಂದು ತಿಂಗಳು, ಒಂದು ಇಸವಿ. ಭದ್ರತೆಯ ಅಪ್‌ಡೇಟ್ ನಿಲ್ಲುವ ದಿನ. ಇನ್ನೂ ದೂರವಿದೆ.

ನಮಸ್ಕಾರ.