ಅಂಚಿನಲ್ಲಿ ಉಳಿದ ಹೆಸರು

ಕೇಳುಗರಿಗೆ ನಮಸ್ಕಾರ. ಮಳೆ ಬಿಟ್ಟ ಮೇಲೆ ಗದ್ದೆಯ ಬದುಗಳ ಮೇಲೆ ಹಾರಾಡುವ, ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟಕ್ಕೆ ಜಪಾನಿನಲ್ಲಿ ಇಂದು ‘ತೊಂಬೊ’ ಎನ್ನುತ್ತಾರೆ. ಅದರ ಹಳೆಯ ಹೆಸರು ‘ಅಕಿಜು’. ಆ ಹಳೆಯ ಹೆಸರು ಈಗ ರಾಜಧಾನಿಯಲ್ಲಿಲ್ಲ, ದೇಶದ ಅಂಚುಗಳಲ್ಲಿದೆ. ಈ ಹೊತ್ತು ನಾನು ಹೇಳಬೇಕಾದದ್ದು ಇಷ್ಟೇ.

ಕ್ರಿ.ಶ. 712ರಲ್ಲಿ ಸಿದ್ಧವಾದ ‘ಕೊಜಿಕಿ’ ಎಂಬ ಗ್ರಂಥದಲ್ಲಿ ನನಗೆ ಅತ್ಯಂತ ಪ್ರಿಯವಾದ ಒಂದು ಪ್ರಸಂಗವಿದೆ. ಯೂರ್ಯಾಕು ಎಂಬ ಚಕ್ರವರ್ತಿ ಯೋಶಿನೊ ಸೀಮೆಗೆ ಬೇಟೆಗೆ ಹೋಗಿ, ಪೀಠ ಹಾಕಿಸಿಕೊಂಡು ಕುಳಿತಿದ್ದಾನೆ. ದನಕರುಗಳ ರಕ್ತ ಹೀರುವಂಥ ದೊಡ್ಡ ನೊಣವೊಂದು ಬಂದು ಅವನ ತೋಳಿನ ಮಾಂಸಲ ಭಾಗವನ್ನು ಕಚ್ಚುತ್ತದೆ. ಸುತ್ತ ಅಷ್ಟೊಂದು ಪರಿವಾರವಿದ್ದರೂ ನೆರವಿಗೆ ಬಂದದ್ದು ಒಂದು ಅಕಿಜು. ಅದು ಎರಗಿ ಆ ನೊಣವನ್ನು ಕಚ್ಚಿಕೊಂಡು ಹಾರಿಹೋಗುತ್ತದೆ. ಸಂತುಷ್ಟನಾದ ದೊರೆ ಅಲ್ಲಿಯೇ ಒಂದು ಹಾಡು ಕಟ್ಟುತ್ತಾನೆ, ಆ ಬಯಲಿಗೆ ಅಕಿಜುವಿನ ಹೆಸರೇ ನಿಲ್ಲುತ್ತದೆ. ಅಂದಿನ ರಾಜಧಾನಿಯಿದ್ದ ಯಮಾತೊ ನಾಡನ್ನೇ ‘ಅಕಿಜು ದ್ವೀಪ’ ಎಂದು ಆ ಹಾಡು ಕೊಂಡಾಡುತ್ತದೆ. ಇಷ್ಟು ಮರ್ಯಾದೆ ಪಡೆದ ಪದ ಆ ಸೀಮೆಯ ಆಡುಮಾತಿನಿಂದಲೇ ಕಳೆದುಹೋಯಿತು!

ಆದರೆ ಈಶಾನ್ಯದ ತೋಹೊಕು ಪ್ರಾಂತ್ಯದ ಹಳ್ಳಿಗಳಲ್ಲಿ ‘ಅಕೆಜು’ ಉಳಿಯಿತು. ಬಹುದೂರದ ದಕ್ಷಿಣದಲ್ಲಿ, ರ್ಯೂಕ್ಯೂ ದ್ವೀಪಗಳ ಒಕಿನಾವಾದಲ್ಲಿ, ‘ಆಕೇಜೂ’ ಉಳಿಯಿತು. ಹೊಸ ಪದ ರಾಜಧಾನಿಯಲ್ಲಿ ಹುಟ್ಟಿ ಸುತ್ತಲೂ ಹಬ್ಬುತ್ತದೆ, ಅಂಚನ್ನು ಮುಟ್ಟುವುದು ಕಟ್ಟಕಡೆಗೆ. ಜಪಾನಿನ ಜಾನಪದ ವಿದ್ವಾಂಸ ಯಾನಾಗಿತಾ ಕುನಿಯೊ ಅವರು 1930ರ ಗ್ರಂಥದಲ್ಲಿ ಬಸವನಹುಳುವಿನ ಹೆಸರುಗಳನ್ನು ಹಿಡಿದು ತೋರಿಸಿದ್ದೂ ಇದನ್ನೇ. ಹಳೆಯದು ಬೇಕಿದ್ದರೆ ಅಂಚಿನಲ್ಲಿ ಹುಡುಕಬೇಕು.

ಸಮಯ ಮುಗಿಯುತ್ತ ಬಂದಿರುವುದರಿಂದ ಇನ್ನೊಂದನ್ನು ಚುಟುಕಾಗಿ ಹೇಳುತ್ತೇನೆ. ‘ಅಕಿ’ ಎಂದರೆ ಜಪಾನಿಯಲ್ಲಿ ಶರತ್ಕಾಲ. ಆದ್ದರಿಂದ ಅಕಿಜು ಎಂದರೆ ಶರತ್ಕಾಲದ ಕೀಟ ಎಂದು ಹಲವರು ಸಲೀಸಾಗಿ ಹೇಳಿಬಿಡುತ್ತಾರೆ. ದಯವಿಟ್ಟು ಒಕಿನಾವಾದ ಮಾತನ್ನೂ ಕೇಳಿ. ನಮ್ಮ ‘ಕಿವಿ’ ತಮಿಳಿನಲ್ಲಿ ‘ಚೆವಿ’ಯಾಗಿರುವಂತೆ, ಅಲ್ಲಿ ಹಳೆಯ ‘ಕಿ’ಕಾರವು ‘ಚಿ’ಕಾರವಾಗಿದೆ, ಶರತ್ಕಾಲಕ್ಕೆ ಅವರು ‘ಅಚಿ’ ಎನ್ನುತ್ತಾರೆ. ಕೀಟದ ಹೆಸರು ಅದರಿಂದಲೇ ಹುಟ್ಟಿದ್ದರೆ ಅದರಲ್ಲಿಯೂ ಚಕಾರವಿರಬೇಕಿತ್ತು, ಇರುವುದು ‘ಕೇ’. ತೋಹೊಕುವಿನ ಹಳ್ಳಿಗರ ಬಾಯಲ್ಲಿಯೂ ‘ಕೆ’ಕಾರವೇ ಇದೆ. ಎರಡು ಅಂಚುಗಳು ಒಂದೇ ಸ್ವರವನ್ನು ನುಡಿಯುತ್ತಿರುವಾಗ, ರಾಜಧಾನಿಯ ಬರಹವೊಂದನ್ನೇ ನೆಚ್ಚಿ ಶರತ್ಕಾಲದ ಕಥೆ ಹೇಳುವವರ ಮಾತನ್ನು ನಾನಂತೂ ಒಪ್ಪಲಾರೆ. ನಮಸ್ಕಾರ.