ಎಲ್ಲಿಟ್ಟಿದ್ದೀರಿ, ಯಾಕಿಟ್ಟಿದ್ದೀರಿ?

ಕೇಳುಗರಿಗೆ ನಮಸ್ಕಾರ. ಮನುಷ್ಯನನ್ನು ಹಿಡಿದಿಟ್ಟವರನ್ನು ಕೋರ್ಟು ಹೀಗೆ ಕೇಳುವಂತೆ ಮಾಡುವ ಒಂದು ಅರ್ಜಿಯ ಕತೆ ಇವತ್ತು.

ಸಾಗರದ ಕಡೆ ಹಳೇ ಮನೆಗಳ ಅಟ್ಟ ಹುಡುಕಿದರೆ ಈಗಲೂ ಒಂದು ಕೊಳಗ ಸಿಕ್ಕೀತು. ಭತ್ತ ಅಳೆಯುವ ಪಾತ್ರೆ. ಗೇಣಿ ಅಳೆಯುವ ಕೊಳಗ ದೊಡ್ಡದಾಯಿತು ಅನ್ನುವ ಸಿಟ್ಟೂ ಸೇರಿಯೇ 1951ರಲ್ಲಿ ಕಾಗೋಡಿನ ರೈತರು ಎದ್ದು ನಿಂತದ್ದು. ಅವರ ಬೆಂಬಲಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಬಂಧನಕ್ಕೂ ಒಳಗಾದರು. ನಮ್ಮ ಹಿರಿಯರಿಗೆ ಇದು ಗೊತ್ತು. ಅದೇ ಲೋಹಿಯಾ ಹದಿನಾಲ್ಕು ವರ್ಷದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಕತೆ ಅಷ್ಟಾಗಿ ಗೊತ್ತಿಲ್ಲ.

1965ರ ಆಗಸ್ಟ್. ಪಾಟ್ನಾದಲ್ಲಿ ನಡುರಾತ್ರಿ ಅವರನ್ನು ಹಿಡಿದರು. ಚೀನಾ ಯುದ್ಧ ಅಂತ 1962ರಲ್ಲಿ ಸಾರಿದ ತುರ್ತು ಪರಿಸ್ಥಿತಿ ಆಗಲೂ ಮುಗಿದಿರಲಿಲ್ಲ. ಭಾರತ ರಕ್ಷಣಾ ನಿಯಮದಲ್ಲಿ ಹಿಡಿದರೆ ವಿಚಾರಣೆಯಿಲ್ಲ, ಮೂಲಭೂತ ಹಕ್ಕು ಅಂತ ಕೋರ್ಟಿಗೆ ಹೋಗುವ ಹಾಗೂ ಇಲ್ಲ. ಆದರೂ ಲೋಹಿಯಾ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಹೆಸರು ಲ್ಯಾಟಿನ್, ಅರ್ಥ ಸರಳ. ಆ ಮನುಷ್ಯನನ್ನು ನನ್ನ ಮುಂದೆ ತಂದು ನಿಲ್ಲಿಸು, ಯಾವ ಕಾನೂನಿನಲ್ಲಿ ಹಿಡಿದೆ ಹೇಳು, ಅಷ್ಟೇ.

ಕೋರ್ಟು ಬಂಧನದ ಆದೇಶವನ್ನು ತರಿಸಿ ಓದಿತು. ನಿಯಮದಲ್ಲಿ ಇದ್ದ ಮಾತು 'ಸಾರ್ವಜನಿಕ ಸುವ್ಯವಸ್ಥೆ'. ಆದೇಶದಲ್ಲಿ ಬರೆದದ್ದು 'ಕಾನೂನು ಮತ್ತು ಸುವ್ಯವಸ್ಥೆ'. ಎರಡೂ ಒಂದೇ ಅಲ್ವಾ ಅನ್ನಿಸಬಹುದು. ಅಲ್ಲ. ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಇಬ್ಬರು ಹೊಡೆದಾಡಿದರೆ ಕಾನೂನು ಕೆಟ್ಟಿತು. ಆ ಜಗಳ ಹಬ್ಬಿ ಜಾತ್ರೆಗೆ ಜಾತ್ರೆಯೇ ದಿಕ್ಕಾಪಾಲಾದರೆ ಸಾರ್ವಜನಿಕ ಸುವ್ಯವಸ್ಥೆ ಕೆಟ್ಟಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಒಂದರೊಳಗೊಂದು ಮೂರು ವೃತ್ತ ಕಲ್ಪಿಸಿ ಹೇಳಿದರು. ಎಲ್ಲಕ್ಕಿಂತ ದೊಡ್ಡದು ಕಾನೂನು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ನಟ್ಟನಡುವೆ ದೇಶದ ಭದ್ರತೆ. ಒಳಗಿನ ವೃತ್ತಕ್ಕೆ ಕೊಟ್ಟ ಅಧಿಕಾರವನ್ನು ಹೊರಗಿನದಕ್ಕೆ ಎಳೆಯುವಂತಿಲ್ಲ. ಐವರಲ್ಲಿ ಮೂವರು ಲೋಹಿಯಾ ಪರ ನಿಂತರು, ಬಿಡುಗಡೆಯಾಯಿತು.

ತೀರ್ಪು ಬಂದದ್ದು ಸೆಪ್ಟೆಂಬರ್ 7. ಹಿಂದಿನ ದಿನವಷ್ಟೇ ನಮ್ಮ ಸೇನೆ ಲಾಹೋರಿನ ಕಡೆ ಗಡಿ ದಾಟಿತ್ತು. ಅಂಥ ಹೊತ್ತಿನಲ್ಲೂ ಕೋರ್ಟು ಎರಡು ಪದಗಳ ನಡುವಿನ ವ್ಯತ್ಯಾಸ ಹುಡುಕಿತು ಅನ್ನುವುದು ನನಗೆ ಈಗಲೂ ದೊಡ್ಡ ಧೈರ್ಯ ಕೊಡುತ್ತದೆ.

ಆ ಧೈರ್ಯ 1976ರಲ್ಲಿ ಕೈಕೊಟ್ಟಿತು. 1975ರ ಜೂನಿನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಗಡಿಯಲ್ಲಿ ಯುದ್ಧವಿರಲಿಲ್ಲ. ಕಾರಣ ಕೊಟ್ಟದ್ದು ಆಂತರಿಕ ಗಲಭೆ ಅಂತ. ಆಗ ಜೈಲು ಸೇರಿದವರು ಈ ಅರ್ಜಿಯನ್ನೇ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹೇಳಿಬಿಟ್ಟರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದೆ ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆ ಕಿರಿಯರಿಗೆ ಹೋಯಿತು, ಅವರು ರಾಜೀನಾಮೆ ಕೊಟ್ಟರು. ಆ ತೀರ್ಪು ಪೂರ್ತಿ ರದ್ದಾಗಲು 2017 ಬರಬೇಕಾಯಿತು. ಅದೂ ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಪ್ರಕರಣದಲ್ಲಿ.

ಅಷ್ಟರಲ್ಲಿ 1978ರ 44ನೇ ತಿದ್ದುಪಡಿ ಒಂದು ಗಟ್ಟಿ ಬೇಲಿ ಹಾಕಿತ್ತು. ಯುದ್ಧವೇ ಬರಲಿ, 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗುವ ಬಾಗಿಲನ್ನು ಮುಚ್ಚುವಂತಿಲ್ಲ. ಹಾಗಂತ ಮಿತಿಯೇ ಇಲ್ಲ ಅಂತಲ್ಲ. ಹಿಡಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ ನಿಯಮ ಶತ್ರುದೇಶದ ಪ್ರಜೆಗಿಲ್ಲ, ಮುಂಜಾಗ್ರತಾ ಬಂಧನದಲ್ಲಿ, ಅಂದರೆ ತಪ್ಪು ಮಾಡಿಯಾರು ಅಂತ ಮೊದಲೇ ಹಿಡಿದಿಟ್ಟ ಬಂಧನದಲ್ಲಿ, ಇರುವವರಿಗೂ ಇಲ್ಲ. ಇದು ಸಂವಿಧಾನದಲ್ಲೇ ಇದೆ, ನನಗೆ ತುಂಬ ಚುಚ್ಚುವ ಮಾತು.

ಕೊನೆಗೆ ಒಂದು ವಿಷಯ. ಈ ಅರ್ಜಿಗೆ ಒಳಗಿರುವವನೇ ಸಹಿ ಹಾಕಬೇಕೆಂದಿಲ್ಲ. ಹೊಸನಗರದ ಯಾವುದೋ ಹಳ್ಳಿಯ ತಾಯಿಯೊಬ್ಬರು, ಮಗ ಎಲ್ಲಿದ್ದಾನೆಂದೇ ಗೊತ್ತಿಲ್ಲದಿದ್ದರೂ, ಬೆಂಗಳೂರಿನ ಹೈಕೋರ್ಟಿಗೆ ತಮ್ಮ ಹೆಸರಿನಲ್ಲೇ ಹಾಕಬಹುದು. ಉತ್ತರ ಕೊಡಬೇಕಾದವರು ಹಿಡಿದವರು. ನಮಸ್ಕಾರ.